ಹಸಿರು ಎಂದು ಬರೆದವರೇ ಲೆಕ್ಕ ಕೊಡಲಿ

2024ರ ಅಕ್ಟೋಬರ್ 15ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಮಾರ್ಗಸೂಚಿ ಹೊರಡಿಸಿತು. ಸರಕಿನ ಮೇಲಾಗಲಿ ಜಾಹೀರಾತಿನಲ್ಲಾಗಲಿ ‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’, ‘ಸುಸ್ಥಿರ’, ‘ಕಾರ್ಬನ್ ನ್ಯೂಟ್ರಲ್’ ಎಂದು ಬರೆಯುವವರು ಅದಕ್ಕೆ ಆಧಾರ ತೋರಿಸಬೇಕು. ಆ ಮಾತು ಇಡೀ ಸರಕಿಗೆ ಅನ್ವಯವೋ, ಬರೀ ಪೊಟ್ಟಣಕ್ಕೋ, ತಯಾರಿಕೆಯ ಒಂದು ಹಂತಕ್ಕೋ ಎಂಬುದನ್ನು ಬಿಡಿಸಿ ಹೇಳಬೇಕು. ಅದರ ತಿರುಳು ಇಷ್ಟೇ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಆಸ್ಕಿ ಕೂಡ ಅದೇ ವರ್ಷದ ಫೆಬ್ರವರಿಯಲ್ಲಿ ಇಂಥದೇ ನಿಯಮ ಜಾರಿಗೆ ತಂದಿತ್ತು.

ಹೇಳಿದ ಮಾತಿಗೆ ಪುರಾವೆ ಕೊಡಿ ಎಂದರೆ ಯಾರಿಗೂ ತಕರಾರು ಇರಬಾರದು. ಆದರೆ ಇದೆ. ಮಾರುವವರು, ಜಾಹೀರಾತು ಬರೆಯುವವರು, ಸಣ್ಣ ಉದ್ದಿಮೆದಾರರು ಆಕ್ಷೇಪ ಎತ್ತುತ್ತಾರೆ. ಕೆಲವು ಪರಿಸರಪ್ರಿಯರೂ ಅವರ ಜೊತೆ ದನಿಗೂಡಿಸುತ್ತಾರೆ, ಅದು ಆಶ್ಚರ್ಯ. ಈ ವಾದಗಳಲ್ಲಿ ಕೆಲವು ಬರೀ ಜೊಳ್ಳು, ಒಂದೆರಡರಲ್ಲಿ ಹುರುಳಿದೆ. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

“ಜಾಹೀರಾತು ಅಂದಮೇಲೆ ಸ್ವಲ್ಪ ಉಪ್ಪುಖಾರ ಇದ್ದೇ ಇರುತ್ತೆ. ಯಾರೂ ಅದನ್ನು ಅಕ್ಷರಶಃ ನಂಬೋದಿಲ್ಲ.”

‘ಊರಿಗೇ ಉತ್ತಮ ಕಾಫಿಪುಡಿ’ ಎಂದು ಬರೆದುಕೊಳ್ಳಲಿ, ಅಡ್ಡಿಯಿಲ್ಲ. ಒಂದು ಲೋಟ ಕುಡಿದರೆ ಹಣೆಬರಹ ತಿಳಿಯುತ್ತದೆ. ‘ಈ ಕಾರಿನ ಹೊಗೆ ಶುದ್ಧ’ ಎಂಬ ಮಾತು ಹಾಗಲ್ಲ. ಕೊಂಡವರು ವರ್ಷಗಟ್ಟಲೆ ಓಡಿಸಿದರೂ ನಿಜ ಯಾವುದು, ಸುಳ್ಳು ಯಾವುದು ಅಂತ ಮೂಗಿನಿಂದ ಪತ್ತೆ ಮಾಡಲಾರರು. ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ ‘ಕ್ಲೀನ್ ಡೀಸೆಲ್’ ಎಂದು ಸಾರಿ ಸಾರಿ ಮಾರಿದ ಕಾರುಗಳ ಕಥೆ ನೆನಪಿರಬೇಕು. ಪರೀಕ್ಷಾ ಕೇಂದ್ರದಲ್ಲಿ ನಿಲ್ಲಿಸಿದಾಗ ಕಾರಿನ ಸಾಫ್ಟ್‌ವೇರ್‌ಗೆ ಅದು ಪರೀಕ್ಷೆ ಎಂದು ಗೊತ್ತಾಗುತ್ತಿತ್ತು, ಹೊಗೆ ತಗ್ಗುತ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿಕೊಂಡು ರಸ್ತೆಗೆ ಇಳಿದಾಗ ಬಣ್ಣ ಬಯಲಾಯಿತು. ರಸ್ತೆಯಲ್ಲಿ ಕೆಲವು ಕಾರುಗಳ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ ಏರುತ್ತಿತ್ತು ಎಂದು 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಪರಿಸರ ಸಂಸ್ಥೆ ಹೇಳಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ. ನಮ್ಮ ದೇಶದಲ್ಲೇ 3 ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ದುರಸ್ತಿಗೆ ಕರೆಸಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು, ಆಮೇಲೆ ಸುಪ್ರೀಂ ಕೋರ್ಟ್ ಕಂಪನಿಯ ಮೇಲೆ ಬಲವಂತದ ಕ್ರಮ ಬೇಡವೆಂದು ತಡೆ ಕೊಟ್ಟಿತು. ಆ ಕಾರು ಕೊಂಡವರಲ್ಲಿ ಎಷ್ಟೋ ಜನ ‘ಕ್ಲೀನ್’ ಎಂಬ ಮಾತನ್ನು ನಂಬಿಯೇ ದುಡ್ಡು ಕೊಟ್ಟವರು. ಉಪ್ಪುಖಾರ ಎಂದು ತಳ್ಳಿಹಾಕುವ ಮಾತೇ ಇದು?

ಅಷ್ಟಕ್ಕೂ ಮಾರ್ಗಸೂಚಿ ಎಲ್ಲ ಬಗೆಯ ಬಡಾಯಿಯ ಮೇಲೂ ಕೋಲೆತ್ತಿಲ್ಲ. ‘ನಮ್ಮ ಕಂಪನಿಯ ಬೆಳವಣಿಗೆ ಸುಸ್ಥಿರ ತತ್ವಗಳ ಮೇಲೆ ನಿಂತಿದೆ’ ಎಂಬಂಥ ಆಶಯದ ಮಾತನ್ನು ಅದು ಮುಟ್ಟುವುದಿಲ್ಲ. ‘ನಮ್ಮ ಎಲ್ಲ ಸರಕುಗಳೂ ಸುಸ್ಥಿರವಾಗಿ ತಯಾರಾಗಿವೆ’ ಎಂದರೆ ಮಾತ್ರ ಎಲ್ಲಿ, ಹೇಗೆ ಅಂತ ಕೇಳುತ್ತದೆ.

“ನಮ್ಮ ಹತ್ತಿರ ಸರ್ಟಿಫಿಕೇಟ್ ಇದೆ. ಇನ್ನೇನು ಬೇಕು?”

ಹೆಚ್ಚು ಬಳಕೆಯಲ್ಲಿರುವ ವಾದ ಇದೇ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವುದೂ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತು. ಅದಾದ ಮೇಲೆ ಅಂಗಡಿಗಳಿಗೆ ಎರಡು ಬಗೆಯ ಚೀಲಗಳು ಬಂದವು. ಒಂದು, ಬಟ್ಟೆ ಚೀಲ ಎಂದು ಕೈಗೆ ಕೊಡುವ ನಾನ್-ವೋವನ್ ಚೀಲ. ಮುಟ್ಟಿದರೆ ಬಟ್ಟೆಯಂತೆ ಇರುತ್ತದೆ, ಒಳಗೆ ಪಾಲಿಪ್ರೊಪಿಲೀನ್, ಅಂದರೆ ಅಪ್ಪಟ ಪ್ಲಾಸ್ಟಿಕ್. ಅಂಚಿನಿಂದ ಒಂದು ಚೂರು ಹರಿದು ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಇದು ಮುದುಡಿ ಕರಗಿ ತೊಟ್ಟಿಕ್ಕುತ್ತದೆ. ಕೇಂದ್ರದ ನಿಯಮವೂ ಇದನ್ನು ಪ್ಲಾಸ್ಟಿಕ್ ಚೀಲವೆಂದೇ ಕರೆದು, 60 ಜಿಎಸ್‌ಎಂಗಿಂತ (ಚದರ ಮೀಟರಿಗೆ 60 ಗ್ರಾಂ) ತೆಳುವಾದದ್ದನ್ನು 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿದೆ.

ಎರಡನೆಯದು ‘ನಾನು ಪ್ಲಾಸ್ಟಿಕ್ ಅಲ್ಲ’ ಎಂದು ತಾನೇ ಸಾರಿಕೊಳ್ಳುವ, ಮೆಕ್ಕೆಜೋಳದಿಂದ ಮಾಡಿದ್ದು ಎನ್ನುವ, ತೆಳ್ಳಗಿನ ಮೆತ್ತನೆಯ ಕವರ್. ಸರ್ಟಿಫಿಕೇಟಿನ ಮಾತು ಬರುವುದು ಇದರ ವಿಷಯಕ್ಕೇ. ಇಂಥ ಕವರ್‌ಗಳಲ್ಲಿ ಪಿಷ್ಟ ಅಥವಾ ಪಿಎಲ್‌ಎ ಇರುತ್ತದೆ ನಿಜ. ಅದರ ಜೊತೆಗೆ ಪಿಬಿಎಟಿ ಎಂಬ, ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದಿಂದ ಬರುವ ಪಾಲಿಮರ್ ಕೂಡ ದೊಡ್ಡ ಪಾಲಿನಲ್ಲಿ ಇರುತ್ತದೆ. ನಿಯಮಗಳ ಭಾಷೆಯಲ್ಲಿ ಇದರ ಹೆಸರು ‘ಕಾಂಪೋಸ್ಟೆಬಲ್ ಪ್ಲಾಸ್ಟಿಕ್’. ಪ್ಲಾಸ್ಟಿಕ್ ಅಲ್ಲ ಎಂಬ ಮೊದಲ ವಾಕ್ಯವೇ ಅಲ್ಲಿಗೆ ಬಿತ್ತು.

ಇನ್ನು ಗೊಬ್ಬರವಾಗುವ ವಿಚಾರ. ಐಎಸ್/ಐಎಸ್‌ಒ 17088 ಎಂಬ ಮಾನಕದ ಪ್ರಕಾರ ಈ ವಸ್ತು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹದವಾದ ತೇವ ಮತ್ತು ಗಾಳಿಯಲ್ಲಿ, 180 ದಿನಗಳೊಳಗೆ ಶೇ 90ರಷ್ಟು ಜೈವಿಕವಾಗಿ ಕೊಳೆಯಬೇಕು. ಪರೀಕ್ಷೆಯಲ್ಲಿ ಕೊಳೆತಿದೆ, ಸರ್ಟಿಫಿಕೇಟ್ ಬಂದಿದೆ. ಸುಳ್ಳಲ್ಲ. ಆದರೆ ನಿಮ್ಮ ಬಾಲ್ಕನಿಯ ಕಾಂಪೋಸ್ಟ್ ಮಡಕೆಯಲ್ಲಿ ತಿಂಗಳುಗಟ್ಟಲೆ 58 ಡಿಗ್ರಿ ನಿಲ್ಲುವುದಿಲ್ಲ. ರಾಜಕಾಲುವೆಯಲ್ಲಿ ನಿಲ್ಲುವುದಿಲ್ಲ. ಬೇಲಿಬದಿಯಲ್ಲಿ, ಕೆರೆಯಂಚಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿಲ್ಲುವುದು ದೊಡ್ಡ ಪ್ರಮಾಣದ ಗೊಬ್ಬರ ಘಟಕದಲ್ಲಿ. ಈ ಕವರ್ ಅಲ್ಲಿಯವರೆಗೆ ತಲುಪುತ್ತದೆಯೇ? ಬೆಂಗಳೂರನ್ನೇ ತೆಗೆದುಕೊಳ್ಳಿ. ಹಸಿ ಕಸವನ್ನು ಯಾವ ಕವರ್‌ಗೂ ತುಂಬದೆ ನೇರವಾಗಿ ಬುಟ್ಟಿಯಲ್ಲಿ ಕೊಡಿ ಎನ್ನುವುದು ಇಲ್ಲಿನ ‘ಎರಡು ಬಿನ್, ಒಂದು ಚೀಲ’ ಪದ್ಧತಿ. ಬೆಳಗ್ಗೆ ಆಟೋದ ಬಳಿ ನಿಂತ ಪೌರಕಾರ್ಮಿಕರಿಗೆ ಮೆಕ್ಕೆಜೋಳದ ಕವರ್ ಮತ್ತು ಮಾಮೂಲಿ ಕವರ್ ನಡುವೆ ವ್ಯತ್ಯಾಸ ಕಾಣುವುದಾದರೂ ಹೇಗೆ? ಎರಡನ್ನೂ ಒಣ ಕಸಕ್ಕೆ ಎಸೆಯುತ್ತಾರೆ. ಅಲ್ಲಿ ಅದು ಪಾಲಿಥೀನ್ ಜೊತೆ ಬೆರೆತರೆ ಮರುಬಳಕೆಯ ಮಾಲು ಕೆಡುತ್ತದೆ. ಹಸಿ ಕಸದಲ್ಲಿ ಹಾಕಿದರೆ ಪ್ಲಾಸ್ಟಿಕ್ ಎಂದು ಹೆಕ್ಕಿ ತೆಗೆಯುತ್ತಾರೆ, ಒಣ ಕಸದಲ್ಲಿ ಹಾಕಿದರೆ ಒಳ್ಳೆಯ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ.

ಸರ್ಟಿಫಿಕೇಟಿನಲ್ಲಿ ನಿಜವಾದದ್ದು ಕೊಂಡವರ ಊರಿನಲ್ಲಿಯೂ ನಿಜವಾಗಬೇಕು ಎಂಬುದು ನನ್ನ ವಾದ. ಕಾನೂನು ಕೂಡ ಈಗ ಹತ್ತಿರ ಹತ್ತಿರ ಅಲ್ಲಿಗೇ ಬಂದಿದೆ. ಕಾಂಪೋಸ್ಟೆಬಲ್ ಸರಕಿನ ಮೇಲೆ ‘ಔದ್ಯಮಿಕ ಕಾಂಪೋಸ್ಟಿಂಗ್‌ನಲ್ಲಿ ಮಾತ್ರ’ ಎಂಬ ಷರತ್ತನ್ನು ಬರೆಯಬೇಕು. ಬಯೋಡಿಗ್ರೇಡೆಬಲ್ ಎಂದರೆ ಎಷ್ಟು ದಿನದಲ್ಲಿ, ಮಣ್ಣಿನಲ್ಲೋ ನೀರಿನಲ್ಲೋ ಎಂಬುದನ್ನೂ ಬರೆಯಬೇಕು. ಕವರ್ ಕೈಗೆ ಬಂದಾಗ ದಪ್ಪಕ್ಷರವನ್ನು ಬಿಟ್ಟು ಈ ಸಣ್ಣಕ್ಷರವನ್ನು ಹುಡುಕಿ. ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಎರಡೂ ಇರಬೇಕು. ದಿನಗಳ ಲೆಕ್ಕವಿಲ್ಲದ ಬರೀ ‘ಬಯೋಡಿಗ್ರೇಡೆಬಲ್’ ಎಂದಿದ್ದರೆ ಅಲ್ಲೇ ಅನುಮಾನಿಸಿ. ಮಾಮೂಲಿ ಪ್ಲಾಸ್ಟಿಕ್ಕಿಗೇ ರಾಸಾಯನಿಕ ಬೆರೆಸಿ ಬೇಗ ಚೂರುಚೂರಾಗುವಂತೆ ಮಾಡಿದ ಆಕ್ಸೊ ಬಗೆಯ ಪ್ಲಾಸ್ಟಿಕ್ಕನ್ನೂ ಇದೇ ಹೆಸರಿನಲ್ಲಿ ಮಾರಿದ್ದುಂಟು. ಚೂರಾದ ಮಾತ್ರಕ್ಕೆ ಕೊಳೆತಂತಲ್ಲ ಎಂದು ಯುರೋಪಿಯನ್ ಒಕ್ಕೂಟ 2021ರ ಜುಲೈನಿಂದ ಅದನ್ನು ಮಾರುಕಟ್ಟೆಯಿಂದಲೇ ಹೊರಹಾಕಿದೆ.

ಸರ್ಟಿಫಿಕೇಟ್ ಎಂಬ ಕಾಗದದ ಬಗ್ಗೆಯೇ ಇನ್ನೊಂದು ಮಾತು. ಸಾವಯವ ಜವಳಿಗೆ ಗುರುತು ಕೊಡುವ ಗಾಟ್ಸ್ ಸಂಸ್ಥೆ 2020ರಲ್ಲಿ ಭಾರತದಲ್ಲಿ 20 ಸಾವಿರ ಟನ್ ಹತ್ತಿಯ ದಾಖಲೆಗಳು ನಕಲಿ ಎಂದು ಕಂಡುಹಿಡಿದು 11 ಕಂಪನಿಗಳನ್ನು ಹೊರಗಿಟ್ಟಿತು. ಗುರುತಿಗೆ ಬೆಲೆ ಬರುವುದು ಅದನ್ನು ಕೊಟ್ಟವರು ಹೀಗೆ ಆಗಾಗ ತಿರುಗಿ ನೋಡಿದಾಗಲೇ.

“ಮರುಬಳಕೆಯ ಗುರುತು ಹಾಕಿದ್ದೀವಲ್ಲ.”

ಬಾಣಗಳ ತ್ರಿಕೋನ, ನಡುವೆ ಒಂದು ಅಂಕಿ. ಅಮೆರಿಕದ ಪ್ಲಾಸ್ಟಿಕ್ ಉದ್ಯಮ 1988ರಲ್ಲಿ ಹುಟ್ಟುಹಾಕಿದ ಈ ಗುರುತು ಹೇಳುವುದು ಒಳಗಿರುವ ಪ್ಲಾಸ್ಟಿಕ್ ಯಾವ ಜಾತಿಯದು ಎಂಬುದನ್ನಷ್ಟೇ. 1 ಅಂದರೆ ಪೆಟ್, 2 ಅಂದರೆ ಎಚ್‌ಡಿಪಿಇ, 7 ಅಂದರೆ ಇತರೆ. ಮರುಬಳಕೆಯಾಗುತ್ತದೆ ಎಂಬ ಭರವಸೆ ಅದರಲ್ಲಿ ಎಲ್ಲೂ ಇಲ್ಲ. ಭರವಸೆ ಬೇಕೆಂದರೆ ಗುಜರಿ ಅಂಗಡಿಗೆ ಹೋಗಿ. ನೀರಿನ ಬಾಟಲಿಗೆ, ಶಾಂಪೂ ಡಬ್ಬಕ್ಕೆ ಅವರು ದುಡ್ಡು ಕೊಡುತ್ತಾರೆ. ಚಿಪ್ಸ್ ಪೊಟ್ಟಣವನ್ನೋ ಶಾಂಪೂ ಸ್ಯಾಷೆಯನ್ನೋ ತಕ್ಕಡಿಯಲ್ಲಿಟ್ಟರೆ ಎತ್ತಿ ಆಚೆ ಇಡುತ್ತಾರೆ. ಜಗತ್ತಿನ ಯಾವ ಲೇಬಲ್ಲಿಗಿಂತಲೂ ಆ ತಕ್ಕಡಿಯ ತೀರ್ಪು ಮೇಲು.

ಕೆನಡಾದ ಸ್ಪರ್ಧಾ ಆಯೋಗ ಕ್ಯೂರಿಗ್ ಕಂಪನಿಯ ಕಾಫಿ ಪಾಡ್‌ಗಳ ವಿಚಾರದಲ್ಲಿ ಎತ್ತಿದ್ದೂ ಇದೇ ಪ್ರಶ್ನೆ. ಪಾಡನ್ನು ಮರುಬಳಕೆ ಮಾಡಬಹುದು ಎಂದು ಕಂಪನಿ ಹೇಳಿತ್ತು. ಎರಡು ಪ್ರಾಂತ್ಯಗಳನ್ನು ಬಿಟ್ಟರೆ ಬೇರೆಡೆ ಬಹುಪಾಲು ನಗರಸಭೆಗಳು ಅದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. 2022ರ ಜನವರಿಯಲ್ಲಿ ಕಂಪನಿ 30 ಲಕ್ಷ ಕೆನಡಿಯನ್ ಡಾಲರ್ ದಂಡ ಕಟ್ಟಲು ಒಪ್ಪಿತು.

‘ಪ್ಲಾಸ್ಟಿಕ್ ಮುಕ್ತ’ ಎಂದು ಟೀ ಕೊಡುವ ಪೇಪರ್ ಕಪ್‌ಗಳದ್ದೂ ಇದೇ ಗೋಳು. ಕಾಗದ ತೇವವಾಗದಿರಲಿ ಅಂತ ಒಳಗೆ ಪಾಲಿಥೀನಿನ ತೆಳು ಪದರ ಇರುತ್ತದೆ. ಬಿಸಿ ದ್ರವ 15 ನಿಮಿಷ ನಿಂತರೆ 100 ಮಿಲಿಲೀಟರ್‌ಗೆ ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಐಐಟಿ ಖರಗ್‌ಪುರದ ಅಧ್ಯಯನ 2020ರಲ್ಲಿ ಹೇಳಿತು. ಕಪ್ಪಿನ ಅಂಚು ಹರಿದು ನೋಡಿದರೆ ಪದರ ಬರಿಗಣ್ಣಿಗೇ ಕಾಣುತ್ತದೆ.

“ಏನೂ ಮಾಡದೆ ಇರೋದಕ್ಕಿಂತ ಸ್ವಲ್ಪ ಮಾಡೋದು ವಾಸಿ ಅಲ್ಲವೇ?”

ಪರಿಸರಪ್ರಿಯ ಗೆಳೆಯರು ಹೇಳುವ ಮಾತಿದು. ಸ್ವಲ್ಪ ಮಾಡಲಿ, ‘ಸ್ವಲ್ಪ’ ಎಂದೇ ಬರೆಯಲಿ. ಸಿಎಸ್‌ಐಆರ್-ನೀರಿ ರೂಪಿಸಿದ ‘ಹಸಿರು ಪಟಾಕಿ’ ಮಾಮೂಲಿ ಪಟಾಕಿಗಿಂತ ಹೊಗೆಯ ಕಣಗಳನ್ನು ಸುಮಾರು ಶೇ 30ರಷ್ಟು ತಗ್ಗಿಸುತ್ತದೆ. ಒಳ್ಳೆಯದೇ. ಉಳಿದ ಶೇ 70 ಎಲ್ಲಿ ಹೋಯಿತು? ಪೆಟ್ಟಿಗೆಯ ಮೇಲೆ ‘ಶೇ 30 ಕಡಿಮೆ ಹೊಗೆ’ ಎಂದಿದ್ದರೆ ಮನೆಯವರು ಎರಡು ಪೆಟ್ಟಿಗೆ ಬದಲು ಒಂದು ತರುತ್ತಿದ್ದರೋ ಏನೋ. ‘ಹಸಿರು’ ಎಂದಾಗ ನಿಶ್ಚಿಂತೆಯಿಂದ ನಾಲ್ಕು ತರುತ್ತಾರೆ. ಇದು ಸರ್ಕಾರದ್ದೇ ಪ್ರಯೋಗಾಲಯ ಬಳಸುವ ಹೆಸರು ಎಂಬುದನ್ನೂ ಮರೆಯಬಾರದು.

‘ಬಿದಿರಿನ ಬಟ್ಟೆ’ ಎಂಬ ಮಾಲು ಇನ್ನೂ ಸ್ವಾರಸ್ಯದ್ದು. ಬಿದಿರಿಗೆ ಕೀಟನಾಶಕ ಬೇಡ, ನೀರು ಕಡಿಮೆ ಸಾಕು, ಬೇಗ ಬೆಳೆಯುತ್ತದೆ ಎಂದೆಲ್ಲ ವಿವರಣೆ ಇರುತ್ತದೆ. ಬಿದಿರು ಮೆತ್ತನೆಯ ಬನಿಯನ್ ಆಗುವುದು ಹೇಗೆ ಎಂಬ ವಿವರಣೆ ಇರುವುದಿಲ್ಲ. ಅದನ್ನು ತಿರುಳು ಮಾಡಿ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ನೂಲು ತೆಗೆಯುತ್ತಾರೆ. ಬರುವುದು ರೇಯಾನ್. ಹೀಗೆ ರೇಯಾನನ್ನು ಬಿದಿರು ಎಂದು ಮಾರಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2022ರ ಏಪ್ರಿಲ್‌ನಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಇಬ್ಬರೂ ಸೇರಿ ಕಟ್ಟಬೇಕಾದ ದಂಡ 55 ಲಕ್ಷ ಡಾಲರ್.

ಮರದ ತಿರುಳಿನಿಂದ ನೂಲಿನವರೆಗಿನ ಈ ದಾರಿ ತುಂಗಭದ್ರೆಯ ದಂಡೆಯ ಜನರಿಗೆ ಹೊಸದಲ್ಲ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ರೇಯಾನಿಗೆ ಬೇಕಾದ ತಿರುಳು ತಯಾರಿಸುತ್ತಿತ್ತು, ನದಿಯ ನೀರು ಕೆಡುತ್ತಿದೆ ಎಂದು ಎಂಬತ್ತರ ದಶಕದಲ್ಲಿ ಹಳ್ಳಿಗರು ಹೋರಾಡಿದ್ದರು. ಕಾರ್ಖಾನೆಗೆ ಮರ ಒದಗಿಸಲು ಸರ್ಕಾರ ಮತ್ತು ಕಂಪನಿ ಜಂಟಿಯಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 30 ಸಾವಿರ ಹೆಕ್ಟೇರ್ ಸಮುದಾಯ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಕಾಗದದಲ್ಲಿ ನೋಡಿದರೆ ಪಾಳು ನೆಲಕ್ಕೆ ಹಸಿರು ಹೊದಿಕೆ. ದನ ಮೇಯಿಸುವವರಿಗೆ, ಸೌದೆ ಆಯುವವರಿಗೆ ಅದೇ ನೆಲ ಗೋಮಾಳವಾಗಿತ್ತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಮರದ ಸಸಿ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಮುಂದಿದ್ದರು, ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಕೊನೆಗೆ ಆ ಕಂಪನಿಯೇ ಮುಚ್ಚಿತು. ಹಸಿರು ಅಂದರೆ ಯಾರ ಲೆಕ್ಕದಲ್ಲಿ ಹಸಿರು ಎಂದು ಕೇಳಲು ಕುಸನೂರಿನವರಿಗೆ ಯಾವ ಮಾರ್ಗಸೂಚಿಯೂ ಬೇಕಾಗಿರಲಿಲ್ಲ.

ಅಂಗಡಿಯಲ್ಲಿ ನಿಂತಾಗಲೂ ಹೀಗೆ ಲೆಕ್ಕ ಕೇಳುವ ರೂಢಿಯನ್ನು ಸರಳವಾಗಿ ಬಳಸಬಹುದು. ‘ಕಡಿಮೆ’ ಎಂದಿದ್ದರೆ ಯಾವುದಕ್ಕಿಂತ, ಎಷ್ಟು ಎಂದು ಕೇಳಿ. ಫ್ರಿಜ್ಜು, ಎಸಿಗಳ ಸ್ಟಾರ್ ಚೀಟಿಯಲ್ಲಿ ನಕ್ಷತ್ರಕ್ಕಿಂತ ಮೊದಲು ಅದರ ಅವಧಿ ಮತ್ತು ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಓದಿ. 2022ರ ಜುಲೈನಲ್ಲಿ ಎಸಿಗಳ ಅಳತೆಗೋಲು ಬದಲಾದಾಗ ಹಳೆಯ 5 ಸ್ಟಾರ್ 4ಕ್ಕೆ ಇಳಿದಿತ್ತು. ‘ಸಿಎಫ್‌ಸಿ ಮುಕ್ತ’ ಎಂದು ಫ್ರಿಜ್ ಬೀಗುತ್ತಿದ್ದರೆ ನಕ್ಕು ಮುಂದೆ ಹೋಗಿ. ಭಾರತ 2010ರ ಜನವರಿ 1ರ ಹೊತ್ತಿಗೇ ಫ್ರಿಜ್ಜುಗಳಿಗೆ ಸಿಎಫ್‌ಸಿ ಬಳಕೆಯನ್ನು ನಿಲ್ಲಿಸಿಯಾಗಿದೆ.

“ನಾವು ಕಾರ್ಬನ್ ಕ್ರೆಡಿಟ್ ಕೊಂಡಿದ್ದೇವೆ, ಲೆಕ್ಕ ಸಮವಾಯಿತು.”

ಇದಕ್ಕೆ ಹೆಚ್ಚು ಮಾತು ಬೇಡ. ವಿಮಾನ ಉಗುಳಿದ ಇಂಗಾಲ ಇವತ್ತಿನದು, ನೆಟ್ಟ ಸಸಿ ಅದನ್ನು ಹೀರುವುದು ಬದುಕಿದರೆ ಮುಂದಿನ ಹತ್ತಾರು ವರ್ಷಗಳಲ್ಲಿ. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನ್ಯಾಯಾಲಯ ಕೆಎಲ್‌ಎಂ ವಿಮಾನ ಕಂಪನಿಯ ಇಂಥ ಹಲವು ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂದಿತು. ಬರೀ ಕ್ರೆಡಿಟ್ ಕೊಂಡ ಬಲದಲ್ಲಿ ಒಂದು ಸರಕನ್ನು ಕಾರ್ಬನ್ ನ್ಯೂಟ್ರಲ್ ಎನ್ನುವುದನ್ನು ಯುರೋಪಿಯನ್ ಒಕ್ಕೂಟದ ಹೊಸ ನಿಯಮ ನಿಷೇಧಿಸುತ್ತದೆ. ಅದು ಅನ್ವಯವಾಗುವ ದಿನ 2026ರ ಸೆಪ್ಟೆಂಬರ್ 27.

“ದೊಡ್ಡವರು ವಕೀಲರನ್ನಿಟ್ಟುಕೊಂಡು ಪಾರಾಗ್ತಾರೆ. ಸರ್ಟಿಫಿಕೇಟಿಗೆ ದುಡ್ಡಿಲ್ಲದ ಸಣ್ಣವರು ಸಾಯ್ತಾರೆ.”

ಹುರುಳಿರುವ ವಾದ ಎಂದೆನಲ್ಲ, ಇದೇ ಅದು. ಮಲೆನಾಡಿನಲ್ಲಿ ಅಡಿಕೆ ಹಾಳೆ ಒತ್ತಿ ತಟ್ಟೆ ಮಾಡುವ ಮಹಿಳಾ ಸಂಘಕ್ಕೆ ಲ್ಯಾಬ್ ಪರೀಕ್ಷೆಯ ಶುಲ್ಕ ಹೊರೆಯೇ. ಮೂರನೆಯವರ ಪ್ರಮಾಣಪತ್ರ ಎಂಬುದು ಒಂದು ದಂಧೆಯಾಗಿ ಬೆಳೆದಿದೆ ಎಂಬುದನ್ನೂ ಒಪ್ಪುತ್ತೇನೆ. ಸರ್ಕಾರ ಇಲ್ಲಿ ಅಗ್ಗದ ದಾರಿ ತೋರಿಸಬೇಕು. ಸಾವಯವ ಬೆಳೆಗಾರರಿಗೆ ಪಿಜಿಎಸ್-ಇಂಡಿಯಾ ಎಂಬ ವ್ಯವಸ್ಥೆ ಇದೆ. ಅಕ್ಕಪಕ್ಕದ ರೈತರ ಗುಂಪೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿಪಡಿಸುವ ಪದ್ಧತಿ ಅದು. ಇಂಥದ್ದು ಬೇರೆ ಕಸುಬುಗಳಿಗೂ ಬರಬೇಕು.

ಆದರೆ ಹಾಳೆ ತಟ್ಟೆಯವರು ‘ಪರಿಸರಸ್ನೇಹಿ’ ಎಂದು ಬರೆಯಲೇಬೇಕಾದ ಅಗತ್ಯವಾದರೂ ಏನು? ‘ಅಡಿಕೆ ಹಾಳೆ, ಬೇರೇನೂ ಬೆರೆಸಿಲ್ಲ’ ಎಂದರೆ ಸಾಕು. ಅದು ನೋಡಿ, ಮುಟ್ಟಿ, ಮೂಸಿ ತಿಳಿಯುವ ನಿಜ. ಮುತ್ತುಗದೆಲೆ, ಬಾಳೆಎಲೆ ಮಾರುವವರು ಯಾವತ್ತೂ ಲೇಬಲ್ ಅಂಟಿಸಿದವರಲ್ಲ. ಸುಳ್ಳು ಹಸಿರಿನಿಂದ ಮೊದಲು ಪೆಟ್ಟು ತಿನ್ನುವವರೂ ಇವರೇ. ಗೌರಿ-ಗಣೇಶ ಹಬ್ಬದ ಸಂತೆಯಲ್ಲಿ ನೋಡಿ. ಕೆರೆ ಮಣ್ಣು ತಂದು ಕಲಸಿ, ನೆರಳಲ್ಲಿ ಒಣಗಿಸಿ ಗಣಪನ್ನ ಮಾಡುವ ಕುಂಬಾರರ ಪಕ್ಕದಲ್ಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪನಿಗೆ ‘ಇಕೋ ಗಣೇಶ’ ಎಂಬ ಚೀಟಿ ಅಂಟಿಸಿ ಕಡಿಮೆ ಬೆಲೆಗೆ ಮಾರುವವರು ಕೂತಿರುತ್ತಾರೆ. ಪಿಒಪಿ ಮೂರ್ತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ. ಆ ಚೀಟಿಯನ್ನು ಯಾರೂ ಪ್ರಶ್ನಿಸಬಾರದು ಎಂದರೆ ಕುಂಬಾರರಿಗೆ ಮಾಡುವ ಉಪಕಾರವೇ?

“ಇಷ್ಟು ಬಿಗಿ ಮಾಡಿದರೆ ಕಂಪನಿಗಳು ಒಳ್ಳೆ ಕೆಲಸ ಮಾಡಿದರೂ ಬಾಯಿ ಬಿಡೋದಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಲೆಕ್ಕ ಇಟ್ಟವರಿಗೆ ಲೆಕ್ಕ ತೋರಿಸಲು ಭಯವೇಕೆ? ಕೇಂದ್ರ ಸರ್ಕಾರ 1991ರಲ್ಲೇ ಇಕೋಮಾರ್ಕ್ ಎಂಬ ಗುರುತು ತಂದಿತ್ತು, ಮಣ್ಣಿನ ಮಡಕೆಯ ಚಿತ್ರದ್ದು. ಕಚ್ಚಾ ಮಾಲಿನಿಂದ ಕಸದವರೆಗೆ ಎಲ್ಲ ಹಂತವನ್ನೂ ನೋಡಿ ಕೊಡುವ ಗುರುತು ಅದು. ಕಂಪನಿಗಳು ಅದರ ಕಡೆ ತಲೆ ಹಾಕಿದ್ದು ಕಡಿಮೆ. ತಾವೇ ಬರೆದ ಎಲೆ, ತಾವೇ ಬರೆದ ಭೂಗೋಳ, ತಾವೇ ಕೊಟ್ಟುಕೊಂಡ ಬಿರುದು ಅವರಿಗೆ ಅಗ್ಗವಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಇಕೋಮಾರ್ಕ್‌ಗೆ ಹೊಸ ನಿಯಮ ಬಂದಿದೆ. ಬಾಯಿ ಬಿಡಬೇಕೆನ್ನುವವರಿಗೆ ವೇದಿಕೆ ಸಿದ್ಧವಿದೆ.

“ದೂರು ಕೊಟ್ಟರೆ ಏನಾಗುತ್ತೆ? ನಮ್ಮ ದೇಶದಲ್ಲಿ ಯಾರು ಕೇಳ್ತಾರೆ?”

ಇದು ಮಾರುವವರ ವಾದವಲ್ಲ, ಕೊಳ್ಳುವವರದು. ಮಾರುವವರಿಗೆ ಇದಕ್ಕಿಂತ ಅನುಕೂಲದ ವಾದ ಇನ್ನೊಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತಿನಲ್ಲಿ ಮುಖ ತೋರಿಸಿದ ತಾರೆಯರೂ ಹೊಣೆಯಿಂದ ಪೂರ್ತಿ ಪಾರಾಗುವಂತಿಲ್ಲ. ದೊಡ್ಡ ಕಂಪನಿಗೆ 10 ಲಕ್ಷ ಒಂದು ದಿನದ ಜಾಹೀರಾತಿನ ಖರ್ಚೂ ಅಲ್ಲ ಎಂಬುದು ಸರಿ, ಆ ಮೊತ್ತ ಏರಲೇಬೇಕು. ಆದರೆ ಜಾಹೀರಾತು ನಿಲ್ಲಿಸಿ, ತಿದ್ದಿ ಎಂದು ಆದೇಶಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಅದರ ಕಣ್ಣಿಗೆ ಬೀಳುವಂತೆ ಮಾಡುವುದು ನಮ್ಮ ಪಾಲಿನ ಕೆಲಸ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆ ಮಾಡುವ ಮುಂಚೆ ಸರಕಿನ ಮುಂಭಾಗ, ಹಿಂಭಾಗ ಎರಡರ ಫೋಟೊ ತೆಗೆದಿಡಿ, ಬಿಲ್ ಇಟ್ಟುಕೊಳ್ಳಿ. ಪೊಟ್ಟಣದ ಮೇಲಿರುವ ಗ್ರಾಹಕ ಸೇವಾ ವಿಳಾಸಕ್ಕೆ ಒಂದು ಇಮೇಲ್ ಬರೆದು ಮೂರೇ ಪ್ರಶ್ನೆ ಕೇಳಿ. ಈ ಮಾತು ಸರಕಿನ ಯಾವ ಭಾಗಕ್ಕೆ ಅನ್ವಯ? ಪ್ರಮಾಣಪತ್ರ ಕೊಟ್ಟವರು ಯಾರು, ಅದರ ಸಂಖ್ಯೆ ಏನು? ನಮ್ಮ ಊರಿನಲ್ಲಿ ಇದನ್ನು ತೆಗೆದುಕೊಂಡು ಗೊಬ್ಬರವನ್ನೋ ಮರುಬಳಕೆಯನ್ನೋ ಮಾಡುವವರು ಯಾರು? ಉತ್ತರ ಬಂದರೆ ಆ ಉತ್ತರವನ್ನು, ಬಾರದಿದ್ದರೆ ನೀವು ಕಳಿಸಿದ ಇಮೇಲನ್ನೇ ದೂರಿಗೆ ಲಗತ್ತಿಸಿ.